ಕಾಲುವೆ, ಸುಣ್ಣ, ಮೇ ತಿಂಗಳ ಕೊನೆಯ ವಾರ

ಶಿರಸಿ ಸೀಮೆಯಲ್ಲಿ ನನ್ನದು ಎರಡೂವರೆ ಎಕರೆ ಅಡಿಕೆ ತೋಟ; ಮರ ಸುಮಾರು 1,300. ಕಳೆದ ಹಂಗಾಮಿನಲ್ಲಿ 24 ಕ್ವಿಂಟಾಲ್ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ತೂಗಿದ್ದೇನೆ. ಎಂಟು ವರ್ಷಗಳ ಹಿಂದೆ ಇದೇ ತೋಟ 14 ಕ್ವಿಂಟಾಲ್ ದಾಟುತ್ತಿರಲಿಲ್ಲ. ಏನು ಹಾಕಿದೆ ಎಂದು ಈಗ ಎಲ್ಲರೂ ಕೇಳುತ್ತಾರೆ. ಹಾಕಿದ್ದು ಕಡಿಮೆ, ಬಿಟ್ಟದ್ದು ಬಹಳ.

ಮೊದಲು ಕೈಸುಟ್ಟದ್ದು ವೆನಿಲ್ಲಾದಿಂದ. 2003ರ ಸುಮಾರಿಗೆ ಹಸಿ ಕೋಡಿನ ದರ ಕಿಲೋಗೆ ಸಾವಿರಗಳಲ್ಲಿತ್ತು. ನಮ್ಮ ಬಳ್ಳಿ ಕೋಡು ಬಿಡುವ ಹೊತ್ತಿಗೆ ನೂರು ರೂಪಾಯಿಗೂ ಕೇಳುವವರಿರಲಿಲ್ಲ. ಬೆಳಗ್ಗೆ ಬೆಳಗ್ಗೆ ಹೂವಿಗೆ ಪರಾಗ ಮುಟ್ಟಿಸಿದ ಕೂಲಿಯೂ ಸೇರಿ ಆ ಕಾಲದ ಎಂಬತ್ತು ಸಾವಿರ ಮಣ್ಣುಪಾಲಾಯಿತು. ಆಮೇಲೆ ಆಂಥೂರಿಯಂ ನೆರಳುಮನೆ, ಜೇನುಪೆಟ್ಟಿಗೆ, ಬಾಳೆ, ಔಷಧಿ ಸಸ್ಯ. ಒಂದೊಂದೂ ಒಂದಿಷ್ಟು ದುಡ್ಡು ತಿಂದಿತು. ಅದಕ್ಕಿಂತ ಹೆಚ್ಚಾಗಿ ಮಳೆಗಾಲಕ್ಕೆ ಮುಂಚಿನ ನನ್ನ ದಿನಗಳನ್ನು ತಿಂದಿತು. 2013ರ ಕೊಳೆಯನ್ನು, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗವನ್ನು, ಯಾರೂ ಮರೆತಿಲ್ಲ. ಆ ವರ್ಷ ನಾನು ನೆರಳುಮನೆಯ ಬಲೆ ಕಟ್ಟಿಸುತ್ತಾ ಮೊದಲ ಔಷಧಿಯನ್ನು ಜೂನ್ ಮೂರನೆಯ ವಾರಕ್ಕೆ ತಳ್ಳಿದ್ದೆ. ಅರ್ಧ ಬೆಳೆ ಬುಡಕ್ಕೆ ಉದುರಿತು.

ಒಂದು ಬೇಸಿಗೆಯಲ್ಲಿ ಐದು ವರ್ಷದ ಲೆಕ್ಕದ ಪುಸ್ತಕ ಬಿಚ್ಚಿ ಕುಳಿತೆ. ವರ್ಷಕ್ಕೆ ಮುನ್ನೂರರಷ್ಟು ಆಳಿನ ದಿನಗಳಲ್ಲಿ ನೂರಕ್ಕೂ ಹೆಚ್ಚು ಉಪಬೆಳೆಗಳಿಗೆ ಹೋಗಿತ್ತು. ತೋಟದ ಆದಾಯದಲ್ಲಿ ಅವುಗಳ ಪಾಲು ರೂಪಾಯಿಗೆ ಹತ್ತು ಪೈಸೆ. ಅಡಿಕೆಯಲ್ಲಿ ಆದ ನಷ್ಟವೆಲ್ಲ ಎರಡೇ ಕಡೆ ಇತ್ತು: ನೀರು ನಿಲ್ಲುವ ಕೆಳಗಿನ ಭಾಗ ಮತ್ತು ಕೊಳೆ. ಕಾಳುಮೆಣಸೊಂದನ್ನು ಉಳಿಸಿಕೊಂಡೆ. ಅದರ ಸೊರಗು ರೋಗಕ್ಕೂ ಅದೇ ಕಾಲುವೆ, ಕೊಳೆಗೆ ಹೊಡೆಯುವ ಅದೇ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಆಗುತ್ತದೆ. ಉಳಿದುದೆಲ್ಲ ಕಿತ್ತೆ. ದೊಡ್ಡಪ್ಪ ಬೇಸರಪಟ್ಟುಕೊಂಡರು: "ಎಲ್ಲ ಕಿತ್ತು ಬರೀ ಕಾಲುವೆ ತೋಡುತ್ತಾ ಕೂರುತ್ತೀಯಾ? ದರ ಬಿದ್ದರೆ ಏನು ತಿನ್ನುತ್ತೀಯಾ?"

ಬಸಿಗಾಲುವೆಗೆ ಮೊದಲ ವರ್ಷವೇ ಸೊಸೈಟಿ ಸಾಲ ಮಾಡಿ ಒಂದು ಲಕ್ಷದ ಹತ್ತು ಸಾವಿರ ಸುರಿದೆ. ಅಜ್ಜನ ಕಾಲದ ಕಾಲುವೆಗಳು ಹೂಳು ತುಂಬಿ ಮೊಣಕಾಲಿಗೂ ಬರುತ್ತಿರಲಿಲ್ಲ. ಎರಡು ಸಾಲಿಗೊಂದರಂತೆ ಎರಡೂವರೆ ಅಡಿ ಇಳಿಸಿದೆವು. ಒಂದು ತಪ್ಪಾಯಿತು. ಕಾಲುವೆ ತೋಡಿದೆ, ನೀರು ಹೊರಹೋಗುವ ಬಾಯಿಯನ್ನು ತಗ್ಗಿಸಲಿಲ್ಲ. ಜುಲೈ ಮಳೆಗೆ ಕಾಲುವೆ ಕೆರೆಯಂತೆ ತುಂಬಿ ನಿಂತಿತು, ಅಂಚು ಕುಸಿಯಿತು, 30 ಮರ ಸತ್ತವು. ಮರುವರ್ಷ ಕೆಳಗಿನ ಬಾಯಿಯಿಂದ ಮೇಲಕ್ಕೆ ಕೆಲಸ ಹಿಡಿದೆ. 2019ರ ಆಗಸ್ಟ್ ಮಳೆಯಲ್ಲಿ ನೀರು ಮೂರನೆಯ ದಿನಕ್ಕೆ ಇಳಿಯಿತು. ಅಂದು ತೋಟಕ್ಕೆ ಬಂದ ದೊಡ್ಡಪ್ಪ ಕಾಲುವೆಯ ದಂಡೆಯ ಮೇಲೆ ಬಹಳ ಹೊತ್ತು ನಿಂತಿದ್ದರು.

ಔಷಧಿಯಲ್ಲಿ ನನ್ನನ್ನು ಮುಳುಗಿಸಿದ್ದು ಸುಣ್ಣ. ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಎಂದು ಎಲ್ಲರಿಗೂ ಗೊತ್ತು. ಆದರೆ ಗಾಳಿಗೆ ಅರಳಿದ ಹಳೆಯ ಸುಣ್ಣ ಒಂದೂವರೆ ಕಿಲೋ ಹಾಕಿದರೂ ಸಾಲದು. ಎರಡು ವರ್ಷ ಎಳೆಯ ಕಾಯಿ ಸುಟ್ಟುಕೊಂಡ ಮೇಲೆ ಪ್ರತಿ ಡ್ರಮ್ಮಿಗೂ ಕತ್ತಿಯ ಅಲಗು ಅದ್ದಿ ನೋಡತೊಡಗಿದೆ. ಕೆಂಪಾದರೆ ಇನ್ನಷ್ಟು ಸುಣ್ಣ. ಮೊದಲ ಸುತ್ತು ಮೇ ಕೊನೆಯ ವಾರದಲ್ಲಿ ಮುಗಿಯಲೇಬೇಕು, ಎರಡನೆಯದು ನಲವತ್ತು ದಿನಕ್ಕೆ. ಇದಕ್ಕಾಗಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಯುಗಾದಿಯಲ್ಲೇ ಮುಂಗಡ ಕೊಡುತ್ತೇನೆ, ಊರಿನ ಕೂಲಿಗಿಂತ ದಿನಕ್ಕೆ ಇನ್ನೂರು ಹೆಚ್ಚು. ಔಷಧಿ ಕಾಯಿಗೆ ಅಂಟಿಕೊಳ್ಳಲೆಂದು ರಾಳದ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ಕೈಹಿಡಿಯಲು ನಾಲ್ಕು ವರ್ಷ ಬೇಕಾಯಿತು. ಸದ್ಯಕ್ಕೆ ಮನೆಯಲ್ಲೇ ಇರಲಿ.

ನಡುವೆ 60 ಮರಕ್ಕೆ ಹಳೆಯ ಪದ್ಧತಿಯಂತೆ ಕೊಟ್ಟೆ (ಗೊನೆಗೆ ಮಳೆ ತಾಗದಂತೆ ಕಟ್ಟುವ ಹೊದಿಕೆ) ಕಟ್ಟಿಸಿ ನೋಡಿದೆ, ಕರಡದ ಹುಲ್ಲಿನದು ಅರ್ಧ, ಪ್ಲಾಸ್ಟಿಕ್ಕಿನದು ಅರ್ಧ. ಎರಡರಲ್ಲೂ ಕೊಳೆ ಇಲ್ಲವೆನ್ನುವಷ್ಟು ಕಡಿಮೆ. ಕಟ್ಟುವ ಕೂಲಿಯೇ ಔಷಧಿಯ ಮೂರು ಪಟ್ಟಾಯಿತು. ಕರಡದ ಕೊಟ್ಟೆ ಹೆಣೆಯುವ ಅಜ್ಜ ಈಗಿಲ್ಲ. ಆ ಕೆಲಸ ನೋಡುವ ಸುಖಕ್ಕಾದರೂ ಇನ್ನೊಮ್ಮೆ ಕಟ್ಟಿಸಬೇಕೆಂಬ ಆಸೆಯಿತ್ತು.

ಸಾಲ ಮೂರನೆಯ ವರ್ಷಕ್ಕೆ ತೀರಿತು. ಈ ಸಲ ಮೇಲಿನ ಭಾಗದ ಕಾಲುವೆಯ ಹೂಳು ತೆಗೆಸುತ್ತಿದ್ದೇನೆ. ದೊಡ್ಡಪ್ಪನೂ ತಮ್ಮ ತೋಟಕ್ಕೆ ಅದೇ ಆಳುಗಳನ್ನು ಕೇಳಿದ್ದಾರೆ. ನನ್ನದು ಮುಗಿದ ಮೇಲೆ ಕಳಿಸುತ್ತೇನೆ ಎಂದಿದ್ದೇನೆ.