ಬಾರ್ಲಿ ಮ್ಯಾಶ್: ಚೀಲವೋ, ಐಸ್ ಬಾಕ್ಸೋ?

ಮೊದಲೇ ಹೇಳಿಬಿಡಬೇಕು: ಪರವಾನಗಿ ಇಲ್ಲದೆ ಬಿಯರ್ ಹುದುಗಿಸುವುದು ಅಬಕಾರಿ ಕಾಯ್ದೆಗೆ ವಿರುದ್ಧ. ಇಲ್ಲಿರುವುದು ಮ್ಯಾಶ್, ಅಂದರೆ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆಯುವವರೆಗಿನ ಕೆಲಸ ಮಾತ್ರ.

ಹತ್ತು ಲೀಟರ್ ರಸಕ್ಕೆ ಚೀಲದ ವಿಧಾನವೇ ಸಾಕು. 20 ಲೀಟರಿನ ಸ್ಟೀಲ್ ಪಾತ್ರೆ, ತೆಳು ನೈಲಾನ್ ಬಲೆಯ ಚೀಲ, ಥರ್ಮಾಮೀಟರ್ ಇದ್ದರಾಯಿತು. ನಲ್ಲಿ ಕೂರಿಸಿದ ಐಸ್ ಬಾಕ್ಸ್ ಶಾಖ ಚೆನ್ನಾಗಿ ಹಿಡಿಯುತ್ತದೆ, ಆದರೆ ತೊಳೆಯುವ ರಗಳೆ ಜಾಸ್ತಿ. ಅಡಿಕೆ ಬೇಯಿಸಿದ ಹಂಡೆ ಮಾತ್ರ ಬೇಡ. ಎಷ್ಟು ತಿಕ್ಕಿದರೂ ಚೊಗರಿನ (ಅಡಿಕೆ ಬೆಂದ ನೀರಿನ) ಒಗರು ಉಳಿದಿರುತ್ತದೆ.

ಮಾಲ್ಟ್ ಎರಡೂವರೆ ಕಿಲೋ, ನೀರು 15 ಲೀಟರ್. ಗಿರಣಿಯವರು ಹಿಟ್ಟು ಮಾಡಿಕೊಟ್ಟರೆ ಚೀಲ ಕಟ್ಟಿಕೊಂಡು ರಸ ಇಳಿಯುವುದಿಲ್ಲ. ಕಾಳು ಮೂರ್ನಾಲ್ಕು ಚೂರಾಗಬೇಕು, ಸಿಪ್ಪೆ ಆದಷ್ಟು ಇಡಿಯಾಗಿರಬೇಕು. ನೀರು 69 ಡಿಗ್ರಿಗೆ ಬಂದಾಗ ಒಲೆ ಆರಿಸಿ, ಪಾತ್ರೆಯೊಳಗೆ ಚೀಲ ಇಳಿಬಿಟ್ಟು ಅದಕ್ಕೆ ಮಾಲ್ಟ್ ಸುರಿದು ಗಂಟಿಲ್ಲದಂತೆ ಕಲಕಿ. ಬಿಸಿ 66ರ ಸುಮಾರಿಗೆ ನಿಲ್ಲುತ್ತದೆ. 63ಕ್ಕೆ ಇಳಿದರೆ ರಸ ತೆಳು, 69ರಲ್ಲಿ ದಪ್ಪ. 75 ದಾಟಿತೋ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಬೇಗ ಕೆಡುತ್ತವೆ. ಆಗುಂಬೆ ಕಡೆಯ ಮಳೆಗಾಲದ ಥಂಡಿಗೆ ಪಾತ್ರೆ ಬೇಗ ಆರುತ್ತದೆ, ಎರಡು ಕಂಬಳಿ ಸುತ್ತಿ. ಮತ್ತೆ ಬಿಸಿ ಮಾಡುವುದಾದರೆ ಚೀಲದಡಿ ಜಾಲರಿ ತಟ್ಟೆ ಇರಲಿ, ಇಲ್ಲದಿದ್ದರೆ ಬಲೆ ತಳ ಹಿಡಿದು ಕರಗುತ್ತದೆ.

ಒಂದು ಗಂಟೆಯ ಮೇಲೆ ಬಿಳಿ ತಟ್ಟೆಗೆ ಚಮಚ ರಸ ಹಾಕಿ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಯಾದರೆ ಪಿಷ್ಟ ಇನ್ನೂ ಇದೆ, ಕಾಲು ಗಂಟೆ ಕಾಯಿರಿ. ಅಯೋಡಿನ್ ಬಿದ್ದ ರಸವನ್ನು ಚೆಲ್ಲಿಬಿಡಿ, ಪಾತ್ರೆಗೆ ವಾಪಸ್ ಹಾಕಬೇಡಿ. ಬಣ್ಣ ತಿರುಗದಿದ್ದರೆ ಚೀಲ ಎತ್ತಿ ತೂಗುಹಾಕಿ. ಸುಮಾರು 13 ಲೀಟರ್ ಸಿಗುತ್ತದೆ. ಒಂದು ತಾಸು ಕುದಿಸಿದರೆ ಹತ್ತರ ಹತ್ತಿರ ಬರುತ್ತದೆ. ಚೀಲದಲ್ಲಿ ಉಳಿದ ಹಿಂಡಿಯನ್ನು ಅಂದೇ ದನಕ್ಕೆ ಹಾಕಿ, ಮರುದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ.