ಕರೆಂಟು ಹೋಗಿ ಬಂದರೂ ತಾನಾಗಿ ಏಳುವ ಮಂಡಿಯ ಸರ್ವರ್: ನನ್ನ ಅನುಭವ

ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ನಾನು ನೋಡಿಕೊಳ್ಳುವ ಡೆಬಿಯನ್ 12 ಎಂಬ ಲಿನಕ್ಸ್ ಓಡುವ ಸರ್ವರ್ ಸುಮಾರು 14 ತಿಂಗಳಿಂದ, ಎಷ್ಟು ಸಲ ವಿದ್ಯುತ್ ಹೋಗಿ ಬಂದರೂ, ಯಾರೂ ಕೀಬೋರ್ಡ್ ಮುಟ್ಟದೆ ಎದ್ದು ಬಿಲ್ಲಿಂಗಿಗೆ ಸಿದ್ಧವಾಗುತ್ತಿದೆ. ಹೊಸ ಯಂತ್ರ ಕೊಳ್ಳದೆ ಇದು ಆಗದ ಕೆಲಸವೆಂದು ಯಂತ್ರ ಪೂರೈಸುವವರು 85 ಸಾವಿರದ ಹತ್ತಿರ ಅಂದಾಜು ಕೊಟ್ಟಿದ್ದರು. ಮಂಡಿಯ ಸಾಹುಕಾರರೂ ಅದನ್ನೇ ನಂಬಿದ್ದರು. ನಾನು ಹೊಸದಾಗಿ ಕೊಂಡದ್ದು 350 ರೂಪಾಯಿಯ ಒಂದು ಯುಎಸ್‌ಬಿ ಕೇಬಲ್ ಮಾತ್ರ.

ಮೊದಲು ಎಲ್ಲವೂ ಯಂತ್ರ ಏಳುವಾಗ ಓಡುವ ಆರ್‌ಸಿ.ಲೋಕಲ್ ಎಂಬ ಸ್ಕ್ರಿಪ್ಟಿನಲ್ಲಿತ್ತು: ಸ್ಲೀಪ್ 30, ಅಂದರೆ 30 ಸೆಕೆಂಡು ಕಾಯುವುದು, ಆಮೇಲೆ ಬಿಲ್ಲಿಂಗ್ ಪ್ರೋಗ್ರಾಂ. ಆದರೆ ಯುಪಿಎಸ್ ಕೈಕೊಟ್ಟು ಯಂತ್ರ ಏಕಾಏಕಿ ಆರಿದ ಮೇಲೆ ಅದರ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಚೇತರಿಸಿಕೊಳ್ಳಲು ಹಿಡಿಯುವ ಸಮಯ ಒಂದೊಂದು ದಿನ ಒಂದೊಂದು. 30 ಇದ್ದದ್ದು 60 ಆಯಿತು, 60 ಹೋಗಿ 120 ಆಯಿತು, ಆದರೂ ಜೋರು ಮಳೆಯ ದಿನ ಪ್ರೋಗ್ರಾಂ ಮುಂದೆ, ಡೇಟಾಬೇಸ್ ಹಿಂದೆ. ಹುಬ್ಬಳ್ಳಿಯಿಂದ ಹೋಗಿ ಬರಲು ಊಟ ಸೇರಿ ಐನೂರರ ಆಸುಪಾಸು, ಜೊತೆಗೆ ಒಂದು ದಿನದ ದುಡಿಮೆ. ಆ ಒಂದು ಮಳೆಗಾಲದಲ್ಲೇ ಎಂಟೊಂಬತ್ತು ಸಲ ಹೋದೆ. ರಾಶಿ ಅಡಿಕೆಯ ಚೀಲ ಇಳಿಸಿದ ರೈತರು ತೂಕಕ್ಕೆ ಕಾದು ನಿಂತಿರುವಾಗ ಕಪ್ಪು ಪರದೆಯ ಮುಂದೆ ಕೂರುವ ಸಂಕಟ ನನಗೆ ಇನ್ನೂ ಮರೆತಿಲ್ಲ.

ಹಾಗಾಗಿ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಒಂದು ಯೂನಿಟ್ (ಸೂಚನೆಗಳ ಫೈಲು) ಬರೆದು ಆಫ್ಟರ್ (ಯಾವುದರ ನಂತರ ಏಳಬೇಕು), ರಿಕ್ವೈರ್ಸ್ (ಯಾವುದು ಇರಲೇಬೇಕು) ಎರಡರಲ್ಲೂ ಪೋಸ್ಟ್‌ಗ್ರೆಸ್ ಸರ್ವಿಸನ್ನು ಹೆಸರಿಸಿದೆ. ಅದೂ ಸಾಲಲಿಲ್ಲ, ಕಾರಣ ಹುಡುಕಲು ಎರಡು ರಾತ್ರಿ ಬೇಕಾಯಿತು. ಡೆಬಿಯನ್‌ನಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್.ಸರ್ವಿಸ್ ಎಂಬುದು ಬರೀ ಹೊದಿಕೆ. ಅದು ಓಡಿಸುವುದು, ಏನೂ ಮಾಡದೆ ‘ಸರಿ’ ಎಂದಷ್ಟೇ ಹೇಳುವ ಬಿನ್ ಟ್ರೂ ಒಂದನ್ನೇ. ನಿಜವಾದ ಡೇಟಾಬೇಸ್ ಸತ್ತಿದ್ದರೂ ಅದು ಹಸಿರು ಬಣ್ಣದಲ್ಲಿ ‘ಆ್ಯಕ್ಟಿವ್’ ಎಂದೇ ತೋರಿಸುತ್ತದೆ. ರಿಕ್ವೈರ್ಸ್‌ನಲ್ಲಿ, ನಿಜವಾದ ಡೇಟಾಬೇಸನ್ನು ಓಡಿಸುವ 15-ಮೇನ್ ಕ್ಲಸ್ಟರಿನ ಯೂನಿಟ್ಟನ್ನೇ ಹೆಸರಿಸಬೇಕು. ಅದರ ಮೇಲೆ, ಪ್ರೋಗ್ರಾಂಗೆ ಮುಂಚೆ ಓಡುವ ಎಕ್ಸೆಕ್‌ಸ್ಟಾರ್ಟ್‌ಪ್ರೀ ಸಾಲಿನಲ್ಲಿ, ಡೇಟಾಬೇಸ್ ಸಿದ್ಧವೇ ಎಂದು ನೋಡುವ ಪಿಜಿ_ಈಸ್‌ರೆಡಿಯನ್ನು, ಅದು ಸೊನ್ನೆ (ಅಂದರೆ ಸಿದ್ಧ) ಹಿಂದಿರುಗಿಸುವವರೆಗೆ, ಎರಡೆರಡು ಸೆಕೆಂಡಿಗೆ ಕೇಳುವ ಪುಟ್ಟ ಸ್ಕ್ರಿಪ್ಟ್ ಇಟ್ಟೆ. ಏಳಲು ಕೊಡುವ ಗಡುವಾದ ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಅನ್ನು ಹತ್ತು ನಿಮಿಷಕ್ಕೆ ಏರಿಸದಿದ್ದರೆ 90 ಸೆಕೆಂಡಿಗೆ ಸಿಸ್ಟಮ್‌ಡಿಯೇ ಈ ಕಾಯುವಿಕೆಯನ್ನು ಕೊಂದುಬಿಡುತ್ತದೆ.

ಇನ್ನೊಂದು ಪೆಟ್ಟು, ಬಿದ್ದ ಪ್ರೋಗ್ರಾಂ ಅನ್ನು ಮತ್ತೆ ಎಬ್ಬಿಸುವ ರೀಸ್ಟಾರ್ಟ್ ಸಾಲಿನಿಂದ ಬಿತ್ತು. ಪ್ರೋಗ್ರಾಂ ಬಿದ್ದ ಕೂಡಲೇ ಏಳುತ್ತಾ, ಹತ್ತು ಸೆಕೆಂಡಿನೊಳಗೆ ಐದು ಸಲ ಎದ್ದು ಬಿದ್ದು, ಕೊನೆಗೆ ಸಿಸ್ಟಮ್‌ಡಿ ಕೈಚೆಲ್ಲುತ್ತಿತ್ತು. ಈ ಮಿತಿಯನ್ನು ತೆಗೆಯಲು ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ ಸೊನ್ನೆ ಮಾಡಿದೆ, ಫಲವಿಲ್ಲ. ನಾನದನ್ನು ಯೂನಿಟ್ ಫೈಲಿನ ಸರ್ವಿಸ್ ವಿಭಾಗದಲ್ಲಿ ಬರೆದಿದ್ದೆ. ಅದು ಇರಬೇಕಾದದ್ದು ಯೂನಿಟ್ ವಿಭಾಗದಲ್ಲಿ. ಸಿಸ್ಟಮ್‌ಡಿಯ ದಾಖಲೆಯಾದ ಜರ್ನಲ್‌ನಲ್ಲಿ ಎಚ್ಚರಿಕೆಯ ಸಾಲು ಮೊದಲ ದಿನದಿಂದಲೇ ಬರುತ್ತಿತ್ತು, ನಾನು ಓದಿರಲಿಲ್ಲ. ಈಗ ರೀಸ್ಟಾರ್ಟ್‌ಸೆಕ್, ಅಂದರೆ ಮತ್ತೆ ಎಬ್ಬಿಸುವ ಮುನ್ನ ಕಾಯುವ ಸೆಕೆಂಡು, 15 ಇದೆ.

ನಡುವೆ ಮನೆಯ ಹಳೆಯ ಯಂತ್ರದಲ್ಲಿ ಸಿಸ್ಟಮ್‌ಡಿಯ ಬದಲಿಗೆ ಬಳಸಬಹುದಾದ ರನಿಟ್‌ನ ಪ್ರಯೋಗವನ್ನೂ ಮಾಡಿದೆ. ನಾಲ್ಕು ಸಾಲಿನ ರನ್ ಸ್ಕ್ರಿಪ್ಟ್ ಕಣ್ಣಿಗೆ ಹಿತವೇ, ಆದರೆ ಯಂತ್ರಕ್ಕೆ ಕೇಬಲ್ಲಿನಿಂದ ಜೋಡಿಸುವ ತೂಕದ ತಕ್ಕಡಿ ಸಿಕ್ಕಿದೆಯೇ ಎಂದು ನೋಡುತ್ತಾ ಕಾಯುವುದನ್ನೆಲ್ಲ ನಾವೇ ಬರೆಯಬೇಕಾದ್ದರಿಂದ ವಾರದಲ್ಲೇ ಕೈಬಿಟ್ಟೆ.

ನನ್ನ ಮಟ್ಟಿಗೆ ಅತಿ ಕಠಿಣವಾದದ್ದು ಆ ತಕ್ಕಡಿಯೇ. ತಕ್ಕಡಿ, ರಸೀದಿ ಪ್ರಿಂಟರ್ ಎರಡಕ್ಕೂ ಸಿಎಚ್340 ಎಂಬ ಒಂದೇ ಚಿಪ್ಪಿನ ಯುಎಸ್‌ಬಿ ಕೇಬಲ್. ಲಿನಕ್ಸ್ ಅವುಗಳಿಗೆ ಕೊಡುವ ಹೆಸರು, ಒಂದು ಬೂಟ್‌ನಲ್ಲಿ ತಕ್ಕಡಿ ಟಿಟಿವೈಯುಎಸ್‌ಬಿ0, ಮುಂದಿನದರಲ್ಲಿ 1. ಒಮ್ಮೆಯಂತೂ ತೂಕ ಕೇಳುವ ಆಜ್ಞೆ ರಸೀದಿಯ ಮೇಲೆ ಅಚ್ಚಾಯಿತು. ಹೊಸ ಕೇಬಲ್ ತಂದರೆ ಅದರಲ್ಲೂ ಅದೇ ಚಿಪ್. ನನ್ನ ಕೈಗೆ ಬಂದ ಈ ಯಾವ ಕೇಬಲ್ಲಿಗೂ ಬಿಡಿ ಕ್ರಮಸಂಖ್ಯೆ ಇರಲಿಲ್ಲವಾದ್ದರಿಂದ ಸಾಧನಗಳಿಗೆ ಹೆಸರು ಕೊಡುವ ಯೂಡೆವ್‌ನ ನಿಯಮವನ್ನು ಯಂತ್ರದ ಹಿಂಬದಿಯ ಪೋರ್ಟಿನ ದಾರಿಗೇ ಕಟ್ಟಿ, ಸಾಧನಗಳ ಫೋಲ್ಡರ್ ಆದ ಡೆವ್ ಅಡಿಯಲ್ಲಿ ‘ತಕ್ಕಡಿ’ ಎಂಬ ಕೊಂಡಿ ಕೊಟ್ಟೆ. ಆ ಪೋರ್ಟಿನ ಸುತ್ತ ಕೆಂಪು ನೈಲ್‌ಪಾಲಿಶ್ ಬಳಿದೆ. ಯೂನಿಟ್ಟಿನಲ್ಲಿ ಬೈಂಡ್ಸ್‌ಟು (ಅದಿದ್ದರೆ ಮಾತ್ರ ಇದು), ಆಫ್ಟರ್ ಎರಡೂ ಆ ಡಿವೈಸಿಗೇ. ಕೇಬಲ್ ಕಿತ್ತರೆ ಸರ್ವಿಸ್ ಶಾಂತವಾಗಿ ನಿಲ್ಲುತ್ತದೆ. ರೀಸ್ಟಾರ್ಟ್ ಸಾಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮತ್ತೆ ಚುಚ್ಚಿದಾಗ ಅದನ್ನು ಎಬ್ಬಿಸುವುದು ಬೇರೊಂದು ಸಾಲು. ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬರೆಯುತ್ತಿಲ್ಲ, ಹುಡುಕುವವರಿಗೆ ಸಿಕ್ಕೇ ಸಿಗುತ್ತದೆ.

ಒಪ್ಪಿಸುವ ಮುನ್ನ ಸಾಹುಕಾರರ ಎದುರಿಗೇ ಇಪ್ಪತ್ತಕ್ಕೂ ಹೆಚ್ಚು ಸಲ ಗೋಡೆಯ ಪ್ಲಗ್ ಕಿತ್ತು ಹಾಕಿದೆ. ಪ್ರತಿ ಸಲವೂ ಒಂದೂಕಾಲು ನಿಮಿಷದ ಒಳಗೆ ತೂಕದ ಅಂಕಿ ಪರದೆಗೆ ಬಂತು. ಏಳನೆಯ ಸಲದ ಹೊತ್ತಿಗೆ ಅವರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಕಳೆದ ತಿಂಗಳು ಅವರ ತಮ್ಮನ ಮಂಡಿಯ ಯಂತ್ರವನ್ನೂ ನನಗೇ ಒಪ್ಪಿಸಿದ್ದಾರೆ, ಅಲ್ಲಿ ತಕ್ಕಡಿಗಳೇ ಮೂರು.