ಪುಣೆಯಲ್ಲಿ ಬಾಡಿಗೆಗೆ ಬಿಡಲು ಫ್ಲ್ಯಾಟ್ ತಗೊಳ್ಳೋ ಮುಂಚೆ

ಪುಣೆಗೆ ಬಂದು ಎರಡು ವರ್ಷ ಆಗುವಷ್ಟರಲ್ಲಿ ನಮ್ಮವರ ಬಾಯಲ್ಲಿ ಒಂದೇ ಮಾತು. "ಒಂದು ಟೂ ಬಿಎಚ್‌ಕೆ ತಗೊಂಡು ಬಾಡಿಗೆಗೆ ಬಿಟ್ಟರೆ ಇಎಂಐ ಅದರಲ್ಲೇ ಹೋಗುತ್ತೆ ಅಲ್ವಾ?" ಹೋಗಲ್ಲ. ಇಲ್ಲೇ ಪುಣೆಯ ವಾಕಡ್‌ನಲ್ಲಿ ಹಾಗೆ ತಗೊಂಡು ಕೈ ಸುಟ್ಟುಕೊಂಡವನು ನಾನು.

80 ಲಕ್ಷದ ಫ್ಲ್ಯಾಟು, ತಿಂಗಳಿಗೆ 25,000 ಬಾಡಿಗೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ, ಅಂದರೆ ಶೇ. 3.75. ಮೇಂಟೆನೆನ್ಸ್, ಮನೆ ತೆರಿಗೆ, ಬ್ರೋಕರ್, ಬಣ್ಣ, ಖಾಲಿ ಬಿದ್ದ ಒಂದು ತಿಂಗಳು ಎಲ್ಲ ಕಳೆದು 2 ಲಕ್ಷ ಕೈಗೆ ಬಂದರೆ ಪುಣ್ಯ. 60 ಲಕ್ಷ ಸಾಲ ಮಾಡಿದರೆ ಶೇ. 8.5ರ ಬಡ್ಡಿಯಲ್ಲಿ, 20 ವರ್ಷಕ್ಕೆ, ಇಎಂಐ ತಿಂಗಳಿಗೆ 52,000. ಜೊತೆಗೆ ಸ್ಟಾಂಪ್ ಡ್ಯೂಟಿ ಶೇ. 7; ಹೆಂಡತಿ ಹೆಸರಲ್ಲಿ ಮಾಡಿಸಿದರೆ 6. ಬೆಂಗಳೂರಿನ ಹಾಗೆ 10 ತಿಂಗಳ ಅಡ್ವಾನ್ಸ್ ಬರುತ್ತೆ ಅಂತ ಕಾಯಬೇಡಿ. ಇಲ್ಲಿ ಎರಡೋ ಮೂರೋ ತಿಂಗಳದ್ದು, ಅಷ್ಟೇ.

ಈಗ ನಾನು ಮನೆ ನೋಡುವ ಮುಂಚೆಯೇ ಬೆಲೆಯನ್ನು ತಿಂಗಳ ಬಾಡಿಗೆಯಿಂದ ಭಾಗಿಸುತ್ತೇನೆ. ಮೊದಲು ಹೇಳಿದ 80 ಲಕ್ಷದ ಫ್ಲ್ಯಾಟಿಗೆ 320 ಬರುತ್ತದೆ, ಅಂದರೆ 320 ತಿಂಗಳ ಬಾಡಿಗೆ ಸೇರಿದರೆ ಮನೆಯ ಬೆಲೆ. 250 ದಾಟಿದರೆ ನಾನು ಆ ಕಡೆ ಗಾಡಿ ತಿರುಗಿಸುವುದೂ ಇಲ್ಲ. ಹೊಸ ಟವರ್‌ಗಳಲ್ಲಿ ಇಷ್ಟಕ್ಕೆ ಸಿಗುವುದು ಕಷ್ಟ. ಈಜುಕೊಳಕ್ಕೆ ದುಡ್ಡು ಕೊಡುವವರು ನೀವು, ಬಾಡಿಗೆಯವರು ಅದಕ್ಕೆಂದು ಜಾಸ್ತಿ ಕೊಡುವುದಿಲ್ಲ. ನನ್ನ ಎರಡನೇ ಮನೆ ಚಿಂಚವಾಡದ ಹಳೇ ಕಟ್ಟಡದ ಒನ್ ಬಿಎಚ್‌ಕೆ. ರೀಸೇಲ್, 36 ಲಕ್ಷ, ಬಾಡಿಗೆ 15,000. ಲಿಫ್ಟ್ ಇಲ್ಲ, ನೋಡೋಕೂ ಚೆಂದ ಇಲ್ಲ. ಆದರೆ ಸ್ಟೇಷನ್‌ಗೆ ನಡೆದು ಹೋಗಬಹುದು, ಮನೆ ಖಾಲಿ ಬಿದ್ದದ್ದು ಕಮ್ಮಿ.

ಬಾಡಿಗೆ ಎಷ್ಟು ಬರುತ್ತೆ ಅಂತ ಬ್ರೋಕರ್‌ನನ್ನು ಕೇಳಿ ಸುಮ್ನಾಗಬೇಡಿ. ಒಂದು ಕಡೆ 28,000 ಗ್ಯಾರಂಟಿ ಅಂದಿದ್ದರು. ಗೇಟಿನ ವಾಚ್‌ಮನ್ ವಿಜಯಪುರದ ಕಡೆಯವರು, ನನ್ನ ಫೋನಿನ ಕನ್ನಡ ಕೇಳಿ ತಾವೇ ಮಾತಿಗಿಳಿದರು. "ಬಿ ವಿಂಗ್‌ನಾಗ ನಾಕು ಮನಿ ಖಾಲಿ ಅದಾವ್ರೀ. 22 ಸಾವಿರಕ್ಕ ಕೊಡಾಕತ್ತಾರ." ಮಾತಾಡುವಷ್ಟರಲ್ಲಿ ನೀರಿನ ಟ್ಯಾಂಕರ್ ಒಳಗೆ ಹೋಯಿತು. ಹಿಂದೆಯೇ ಇನ್ನೊಂದು. ಆ ಖರ್ಚು ಮೇಂಟೆನೆನ್ಸ್‌ನಲ್ಲಿ ನಿಮ್ಮ ತಲೆಗೇ ಬರೋದು. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಏಳಕ್ಕೆ ಹೋಗಿ ಗೇಟಿನ ಹತ್ತಿರ ಅರ್ಧ ಗಂಟೆ ನಿಲ್ಲಿ, ಎಷ್ಟು ಬರುತ್ತವೆ ಎಣಿಸಿ.

ಕಾಗದದ ವಿಷಯ ಸರಳ. ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ನಡೆಯುತ್ತದೆ, ಅಂದರೆ ಮನೆಯನ್ನು ಇಷ್ಟು ತಿಂಗಳು ಬಳಸಲು ಅನುಮತಿ ಕೊಡುವ ಬಾಡಿಗೆ ಪತ್ರ. 11 ತಿಂಗಳದ್ದಾದರೂ ರಿಜಿಸ್ಟರ್ ಮಾಡಿಸಲೇಬೇಕು, ಅದು ಓನರ್ ಜವಾಬ್ದಾರಿ. ಆನ್‌ಲೈನ್‌ನಲ್ಲೇ ಆಗುತ್ತದೆ.

ಇನ್ನೊಂದು ಮರೆತಿದ್ದೆ. ಬಾಡಿಗೆಗೆ ಬಿಟ್ಟ ಮನೆಗೆ ಅಪಾರ್ಟ್‌ಮೆಂಟಿನ ಸೊಸೈಟಿಯವರು ನಾನ್ ಆಕ್ಯುಪೆನ್ಸಿ ಚಾರ್ಜ್, ಅಂದರೆ ಓನರ್ ಅಲ್ಲಿ ವಾಸ ಇಲ್ಲದ್ದಕ್ಕೆ ಶುಲ್ಕ ಹಾಕುತ್ತಾರೆ. ಅದು ಮೇಂಟೆನೆನ್ಸ್ ಬಿಲ್ಲಿನಲ್ಲಿರುವ ಸರ್ವಿಸ್ ಚಾರ್ಜಿನ ಶೇ. 10 ಮೀರುವಂತಿಲ್ಲ, 2001ರಲ್ಲೇ ಸರ್ಕಾರದ ಆದೇಶ ಆಗಿದೆ. ನನಗೆ ತಿಂಗಳಿಗೆ 2,000 ಹಾಕಿದ್ದರು. ಆದೇಶದ ಪ್ರತಿ ಹಿಡಿದು ಸೆಕ್ರೆಟರಿ ಮನೆಗೆ ಹೋದೆ. ಚಹಾ ಕೊಟ್ಟರು, ಮುಂದಿನ ಬಿಲ್ಲು 280 ಬಂತು.